ಹಾಡು ಚೆನ್ನಾಗಿದೆ, ರೆಕಾರ್ಡಿಂಗ್ ಮಾತ್ರ ಯಾಕೆ ಹೀಗೆ?

ನಮ್ಮಪ್ಪ ತತ್ವಪದ ಹಾಡುತ್ತಾರೆ. ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯಲ್ಲಿ ಅಮಾವಾಸ್ಯೆಗೊಮ್ಮೆ ಭಜನೆ ನಡೆಯುತ್ತದೆ. ಒಬ್ಬರು ಹಾರ್ಮೋನಿಯಂ, ಒಬ್ಬರು ತಬಲಾ, ಉಳಿದವರ ಕೈಯಲ್ಲಿ ತಾಳ. ಅಪ್ಪನ ಬಾಯಲ್ಲಿರುವ ಕೆಲವು ಪದಗಳನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವರಿಗೆ ಎಪ್ಪತ್ತು ದಾಟಿದೆ. ದನಿ ಗಟ್ಟಿ ಇರುವಾಗಲೇ ಹಿಡಿದಿಡಬೇಕು ಅಂತ ಲ್ಯಾಪ್‌ಟಾಪ್ ತೆಗೆದುಕೊಂಡು ಕೂತೆ.

ಮೊದಲ ದಿನದ ರೆಕಾರ್ಡಿಂಗ್ ಕೇಳಿದಾಗ ಎದೆ ಕುಸಿಯಿತು. ಅಪ್ಪ ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗಿತ್ತು. ಹಿಂದೆ ಒಂದೇ ಸಮ ಗುಂಯ್ ಅನ್ನುವ ಸದ್ದು. ಅವರು ದನಿ ಏರಿಸಿದಲ್ಲೆಲ್ಲ ಕರಕರ. ಅಂಗಡಿಯವರೊಬ್ಬರು ಮಿಕ್ಸರ್ (ಮೈಕುಗಳ ಸದ್ದು ಹೆಚ್ಚಿಸಿ ಬೆರೆಸುವ ಪೆಟ್ಟಿಗೆ) ಹಾಕಿದರೆ ಸರಿಹೋಗುತ್ತದೆ ಅಂದರು. ದುಡ್ಡು ಕೊಟ್ಟು ತಂದೆ. ಕರಕರ ಇನ್ನೂ ಜಾಸ್ತಿಯಾಯಿತು.

ಎಷ್ಟೋ ತಿಂಗಳ ಮೇಲೆ ಅರ್ಥವಾಗಿದ್ದು ಇಷ್ಟು: ಮೂರು ತೊಂದರೆಗಳು ಮೂರು ಬೇರೆ ಬೇರೆ ಜಾಗದಿಂದ ಬರುತ್ತಿದ್ದವು. ಕೊಡದ ದನಿ ಕೋಣೆಯದು. ಗುಂಯ್ ಕರೆಂಟಿನದು. ಕರಕರ ಲೆವೆಲ್‌ನದು, ಅಂದರೆ ಸದ್ದು ಎಷ್ಟು ಜೋರಾಗಿ ಒಳಗೆ ಹೋಗುತ್ತದೆ ಅನ್ನುವುದರದು. ಯಾವುದು ಎಲ್ಲಿಂದ ಬಂತು ಅಂತ ನೋಡದೆ ಒಂದು ಪೆಟ್ಟಿಗೆ ಕೊಂಡು ಎಲ್ಲವನ್ನೂ ಸರಿಮಾಡಲು ಹೊರಟಿದ್ದೇ ನನ್ನ ತಪ್ಪು.

ಬೀದರಿನ ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್ ಇದೆ, ನೋಡಿರಬಹುದು. ಸುರಂಗ ಬಾವಿ ಅಂತಲೂ ಕರೆಯುತ್ತಾರೆ. ನೆಲದೊಳಗೆ ಕಾಲುವೆ ಹರಿಯುತ್ತದೆ, ಅದರ ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ. ಒಂದೊಂದು ಬಾಯಿಯಲ್ಲೂ ಇಣುಕಿದರೆ ನೀರು ಎಲ್ಲಿಯವರೆಗೆ ಚೆನ್ನಾಗಿ ಬಂದಿದೆ, ಎಲ್ಲಿ ತಡೆದಿದೆ ಅಂತ ತಿಳಿಯುತ್ತದೆ. ಹಾಡಿಗೂ ಅಂಥದೇ ದಾರಿ ಇದೆ. ಬಾಯಿಂದ ಕೋಣೆ, ಕೋಣೆಯಿಂದ ಮೈಕ್, ಮೈಕಿನಿಂದ ಕೇಬಲ್, ಅಲ್ಲಿಂದ ಸೌಂಡ್ ಕಾರ್ಡ್ (ಸದ್ದನ್ನು ಅಂಕಿಗಳಾಗಿ ಬದಲಿಸುವ ಕಂಪ್ಯೂಟರಿನ ಭಾಗ), ಆಮೇಲೆ ಸಾಫ್ಟ್‌ವೇರ್, ಕೊನೆಗೆ ನಮ್ಮ ಹೆಡ್‌ಫೋನ್. ಒಂದು ಕಡೆ ಸೇರಿದ ಕೊಳೆ ಮುಂದಿನ ಎಲ್ಲ ಕಡೆಯೂ ಹರಿಯುತ್ತದೆ. ಹಾಗಾಗಿ ಹುಡುಕುವುದು ಹಾಡುವವರ ಬಾಯಿಯ ಕಡೆಯಿಂದಲೇ ಶುರುವಾಗಬೇಕು.

ಮೊದಲು ಕೋಣೆ. ನಾನು ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮನೆಯ ರೆಕಾರ್ಡಿಂಗ್ ಕೆಡುವುದು ಹೆಚ್ಚಾಗಿ ಇಲ್ಲೇ.

ನಮ್ಮ ಕಡೆಯ ಮನೆಗಳನ್ನು ನೆನಪಿಸಿಕೊಳ್ಳಿ. ಕೆಳಗೆ ಶಹಾಬಾದ್ ಫರ್ಸಿ. ಮೇಲೆ ಸಿಮೆಂಟ್ ಸ್ಲ್ಯಾಬ್. ನಾಲ್ಕೂ ಕಡೆ ಗಿಲಾವು ಮಾಡಿದ ಗೋಡೆ. ಬೇಸಿಗೆಯಲ್ಲಿ ಕಾಲಿಗೆ ಫರ್ಸಿ ಕಲ್ಲು ತಂಪು, ಆದರೆ ಸದ್ದಿಗೆ ಈ ಕೋಣೆ ಆರೂ ಕಡೆ ಕನ್ನಡಿ ಇಟ್ಟ ಹಾಗೆ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಬಾಲದಲ್ಲಿ ತಗಡು ನಡುಗಿದಂತೆ ಝಣ್ ಅಂದರೆ, ನಿಮ್ಮ ಹಾಡಿನ ಪ್ರತಿ ಅಕ್ಷರಕ್ಕೂ ಅದೇ ಬಾಲ ಅಂಟಿಕೊಳ್ಳುತ್ತದೆ.

ಎದುರು ಕೂತು ಕೇಳುವಾಗ ಇದು ಯಾಕೆ ಗೊತ್ತಾಗುವುದಿಲ್ಲ? ನಮಗೆ ಎರಡು ಕಿವಿ ಇವೆ, ಹಿಂದೆ ಮಿದುಳು ಇದೆ. ಮುಂದಿನಿಂದ ಬಂದದ್ದು ಹಾಡು, ಗೋಡೆಯಿಂದ ಬಂದದ್ದು ಕೋಣೆ ಅಂತ ಅದು ಬೇರ್ಪಡಿಸಿಕೊಳ್ಳುತ್ತದೆ. ಒಂಟಿ ಮೈಕಿಗೆ ಆ ಶಕ್ತಿ ಇಲ್ಲ. ಎಲ್ಲವನ್ನೂ ಒಟ್ಟಿಗೆ ಸುರಿದುಕೊಳ್ಳುತ್ತದೆ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋದವರಿಗೆ ಗೊತ್ತು. 1367ರ ಕಟ್ಟಡ ಅದು, ತೆರೆದ ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳ ಕೆಳಗಿದೆ. ಅಂಥ ಕಮಾನುಗಳ ನಡುವೆ ನಿಂತರೆ ದನಿ ಸುತ್ತಿ ಬರುವುದು ಹಿತ ಅನ್ನಿಸುತ್ತದೆ. ಅದನ್ನೇ ಫೋನಿನಲ್ಲಿ ಹಿಡಿದು ಮನೆಯಲ್ಲಿ ಕೇಳಿದರೆ ಮಾತು ಮಾತಿನೊಳಗೆ ಕಲಸಿರುತ್ತದೆ.

ಸಣ್ಣ ಕೋಣೆಯಲ್ಲಿ ಇನ್ನೊಂದು ತೊಂದರೆ ಇದೆ. ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. ಗೋಡೆ ಒಂದೂವರೆ ಮೀಟರ್ ದೂರದಲ್ಲಿದ್ದರೆ, ಹೋಗಿ ಬರುವಷ್ಟರಲ್ಲಿ ಒಂದು ಸೆಕೆಂಡಿನ ನೂರನೇ ಒಂದು ಪಾಲೂ ಆಗಿರುವುದಿಲ್ಲ. ಇಷ್ಟು ಬೇಗ ಬಂದದ್ದನ್ನು ಕಿವಿ ಪ್ರತಿಧ್ವನಿ ಅಂತ ಗುರುತಿಸುವುದಿಲ್ಲ. ಮೂಲ ದನಿಯ ಜೊತೆ ಬೆರೆತು ಕೆಲವು ಸ್ವರಗಳನ್ನು ಉಬ್ಬಿಸುತ್ತದೆ, ಕೆಲವನ್ನು ಅಳಿಸಿಬಿಡುತ್ತದೆ. ಕೊಡದ ದನಿ ಅಂದರೆ ಇದೇ. ಮೈಕಿನ ಕೆಳಗಿನ ಟೇಬಲ್ ಕೂಡ ಒಂದು ಗೋಡೆಯೇ, ಇದನ್ನು ಬಹಳ ಜನ ಮರೆಯುತ್ತಾರೆ. ಟೇಬಲ್ ಮೇಲೆ ದಪ್ಪ ಟವೆಲ್ ಹಾಸಿ ನೋಡಿ, ವ್ಯತ್ಯಾಸ ಅಲ್ಲೇ ಕೇಳಿಸುತ್ತದೆ.

ಇದಕ್ಕೆ ದುಬಾರಿ ಫೋಮ್ ಬೇಕಿಲ್ಲ. ನಮ್ಮ ಮನೆಗಳಲ್ಲಿ ಕೌದಿ ಇದೆಯಲ್ಲ! ಅಜ್ಜಿಯರು ಹಳೇ ಸೀರೆ, ಧೋತರ ಪದರ ಪದರ ಇಟ್ಟು ಹೊಲಿದ ಕೌದಿ ಸದ್ದನ್ನು ಚೆನ್ನಾಗಿ ಹೀರುತ್ತದೆ. ಹಾಡುವವರ ಬೆನ್ನ ಹಿಂದೆ ಒಂದು, ಪಕ್ಕದಲ್ಲಿ ಒಂದು ನೇತುಹಾಕಿ. ಬೆನ್ನ ಹಿಂದೆ ಯಾಕೆ ಅಂದರೆ, ಮೈಕ್ ನೋಡುತ್ತಿರುವುದು ಆ ಕಡೆಗೆ. ಗೋಡೆಗೆ ಒತ್ತಿ ಹಾಕಬೇಡಿ. ಹಗ್ಗ ಕಟ್ಟಿ, ಗೋಡೆಯಿಂದ ಒಂದು ಗೇಣು ಮುಂದೆ ಬಿಟ್ಟರೆ ಗಂಭೀರ ಸ್ವರಗಳನ್ನೂ ಸ್ವಲ್ಪ ಹಿಡಿಯುತ್ತದೆ. ನೆಲಕ್ಕೆ ಜಮಖಾನ, ಮೂಲೆಯಲ್ಲಿ ಸುತ್ತಿಟ್ಟ ಹತ್ತಿ ಗಾದಿ. ನಾವು ಕೊನೆಗೆ ರೆಕಾರ್ಡ್ ಮಾಡಿದ್ದು ನಡುಮನೆಯಲ್ಲಲ್ಲ, ತೊಗರಿ ಚೀಲ ಪೇರಿಸಿಟ್ಟ ಒಳಕೋಣೆಯಲ್ಲಿ. ಆ ಚೀಲಗಳ ಉಬ್ಬು ತಗ್ಗಿನಲ್ಲಿ ಸದ್ದು ಚದುರಿಹೋಗುತ್ತದೆ. ಚಪ್ಪಾಳೆ ತಟ್ಟಿದರೆ ಚಪ್ಪಾಳೆಯಷ್ಟೇ ಕೇಳುತ್ತದೆ. ಮೊಟ್ಟೆಯ ಟ್ರೇ ಅಂಟಿಸುವುದು ಮಾತ್ರ ದಂಡ. ತೆಳು ರಟ್ಟು ಹೀರುವುದು ತೀರಾ ಕಡಿಮೆ.

ಕೋಣೆ ಎಷ್ಟೇ ಸರಿಮಾಡಿದರೂ ಮೈಕ್ ದೂರ ಇದ್ದರೆ ಪ್ರಯೋಜನ ಇಲ್ಲ. ಮೈಕಿನ ದೂರ ಅರ್ಧ ಮಾಡಿದರೆ ಬಾಯಿಂದ ನೇರ ಬರುವ ಸದ್ದು 6 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಹೆಚ್ಚುತ್ತದೆ, ಗೋಡೆಗಳಿಂದ ಬರುವುದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಎರಡು ಮೊಳ ದೂರ ಇದ್ದ ಮೈಕನ್ನು ಒಂದು ಗೇಣಿಗೆ ತಂದರೆ ಅರ್ಧದ ಅರ್ಧ ಆಯಿತು, ಅಂದರೆ 12 ಡೆಸಿಬಲ್ ಲಾಭ. ಇಷ್ಟು ಲಾಭ ಯಾವ ಸಾಫ್ಟ್‌ವೇರೂ ಪುಕ್ಕಟೆ ಕೊಡುವುದಿಲ್ಲ. ತೀರಾ ಬಾಯಿಗೇ ಹಿಡಿದರೆ ದನಿ ದಪ್ಪಗಾಗುತ್ತದೆ, ಪಕಾರ ಬಕಾರಗಳ ಗಾಳಿ ಪಟ್ ಅಂತ ಬಡಿಯುತ್ತದೆ. ಹಾಗಾಗಿ ಒಂದು ಗೇಣು ಬಿಟ್ಟು, ಬಾಯಿಯ ನೇರಕ್ಕಲ್ಲದೆ ಸ್ವಲ್ಪ ಪಕ್ಕದಿಂದ ಬಾಯಿಯ ಕಡೆ ಮುಖ ಮಾಡಿಡಿ. ಉಸಿರು ಪಕ್ಕದಲ್ಲಿ ಹೋಗುತ್ತದೆ, ದನಿ ಮೈಕಿಗೆ ಬರುತ್ತದೆ.

ಒಂದೇ ಮೈಕ್, ನಾಲ್ಕು ಜನ ಇದ್ದರೆ? ಆಗ ಲೆವೆಲ್ಲಿನ ಗುಬ್ಬಿ (ನಾಬ್) ತಿರುಗಿಸುವುದಲ್ಲ, ಜನರನ್ನು ಸರಿಸಬೇಕು. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ರೆಕಾರ್ಡಿಗೆ ಹಾಡಿದಾಗ ಮೈಕೇ ಇರಲಿಲ್ಲ. ಹಾಡಿದ್ದು ತಗಡಿನ ಕೊಂಬಿನೊಳಗೆ. ಆ ಕಾಲದಲ್ಲಿ ಯಾರ ದನಿ ಎಷ್ಟು ಕೇಳಬೇಕು ಅನ್ನುವುದನ್ನು ಕೊಂಬಿನಿಂದ ಎಷ್ಟು ದೂರ ಕೂರುತ್ತಾರೆ ಅನ್ನುವುದೇ ತೀರ್ಮಾನ ಮಾಡುತ್ತಿತ್ತು. ನಾವೂ ಅದೇ ಮಾಡಿದೆವು. ಹಾರ್ಮೋನಿಯಂ ಅಪ್ಪನ ಮುಂದಿನಿಂದ ಎರಡು ಮೊಳ ಆಚೆ ಹೋಯಿತು. ತಾಳದವರು ಬಾಗಿಲ ಬಳಿ ಹೋದರು, ಅವರಿಗೆ ಸ್ವಲ್ಪ ಬೇಸರವೂ ಆಯಿತು. ಒಂದು ನಿಮಿಷ ರೆಕಾರ್ಡ್ ಮಾಡು, ಕೇಳು, ಸರಿಸು. ಆರನೇ ಸಲಕ್ಕೆ ಎಲ್ಲವೂ ಅದರದರ ಜಾಗದಲ್ಲಿ ಕೂತಿತು.

ಇನ್ನು ಗುಂಯ್. ಇದನ್ನು ಹಿಡಿಯುವುದು ಸುಲಭ, ಯಾಕೆಂದರೆ ಅದಕ್ಕೊಂದು ನಿಶ್ಚಿತ ಸ್ವರ ಇದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದರ ಗುಂಯ್ 50, 100, 150 ಹೀಗೆ ಕೇಳಿಸುತ್ತದೆ. ಹಾರ್ಮೋನಿಯಂನ ಬಿಳಿ ಐದನ್ನು (ಸಪ್ತಕದ ಐದನೇ ಬಿಳಿ ಮನೆ) ತೀರಾ ಕೆಳಗಿನ ಸಪ್ತಕಕ್ಕೆ ಇಳಿಸಿದರೆ ಸುಮಾರು 49 ಹರ್ಟ್ಸ್ ಬರುತ್ತದೆ. ಅಂದರೆ ಈ ಗುಂಯ್ ಬಿಳಿ ಐದರ ಪಕ್ಕದಲ್ಲೇ, ಆದರೆ ಕೂದಲೆಳೆ ಮೇಲೆ ನಿಂತಿದೆ. ಬಿಳಿ ಒಂದರಲ್ಲಿ ಹಾಡುವವರಿಗೆ ಅದು ಬೇಸೂರಾದ ಪಂಚಮ! ಅಂಥವರ ರೆಕಾರ್ಡಿಂಗಿನಲ್ಲಿ ತಂಬೂರಿ ಯಾಕೋ ಅಲುಗುತ್ತಿದೆ ಅನ್ನಿಸಿದರೆ ತಪ್ಪು ತಂಬೂರಿಯದಾಗಿರದೆ ಗೋಡೆಯ ಪ್ಲಗ್‌ನದಾಗಿರಬಹುದು.

ಪರೀಕ್ಷೆ ಹೀಗೆ. ರೆಕಾರ್ಡ್ ಒತ್ತಿ, ಯಾರೂ ಹಾಡಬೇಡಿ. ನಡುವೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಬಿಡಿ. ಗುಂಯ್ ನಿಂತರೆ ಕಳ್ಳ ಸಿಕ್ಕ. ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿ, ಮುಗಿಯಿತು. ನಿಲ್ಲದಿದ್ದರೆ ಮೈಕಿನ ಲೋಹದ ಮೈ ಮುಟ್ಟಿ ನೋಡಿ. ಮುಟ್ಟಿದಾಗ ಕಡಿಮೆಯಾದರೆ ಕೇಬಲ್ಲಿನ ಹೊದಿಕೆ ಎಲ್ಲೋ ಬಿಟ್ಟಿದೆ, ಇಲ್ಲವೇ ಅರ್ಥಿಂಗ್ ಸರಿಯಿಲ್ಲ. ನಮ್ಮ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಅರ್ಥ್ ಗುಂಡಿ ಒಣಗುತ್ತದೆ. ಒಣಗಿದ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ. ಉಪ್ಪು, ಇದ್ದಿಲು ಹಾಕಿ ಮಾಡಿದ ಆ ಗುಂಡಿಗೆ ಆಗಾಗ ನೀರು ಹಾಕಬೇಕು ಅಂತ ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಆ ಪಿನ್ ಇರುವುದು ಜೀವ ಉಳಿಸಲಿಕ್ಕೆ.

ಕರೆಂಟ್ ಹೋದ ಹೊತ್ತು ರೆಕಾರ್ಡಿಂಗಿಗೆ ಒಳ್ಳೆಯ ಹೊತ್ತು. ಫ್ಯಾನ್ ಇಲ್ಲ, ಫ್ರಿಜ್ ಇಲ್ಲ, ಪಕ್ಕದ ಮನೆಯ ಕೂಲರ್ ಇಲ್ಲ, ಗುಂಯ್ ಅಂತೂ ಇಲ್ಲವೇ ಇಲ್ಲ. ಇನ್ವರ್ಟರ್ ಮಾತ್ರ ಆರಿಸಿಡಿ. ಅಗ್ಗದ ಇನ್ವರ್ಟರಿನ ಕರೆಂಟ್ ನುಣುಪಾದ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅದರ ಝರ್ ಸದ್ದು ಮಾಮೂಲಿ ಗುಂಯ್‌ಗಿಂತ ಕೆಟ್ಟದ್ದು. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಇಲ್ಲದೆ ಎಪ್ಪತ್ತು ದಾಟಿದವರನ್ನು ಕೂರಿಸುವುದು ತಪ್ಪಾಗುತ್ತದೆ. ಅದಕ್ಕೇ ನಾವು ಬೆಳಗಿನ ಐದಕ್ಕೆ ಏಳುತ್ತಿದ್ದೆವು. ಒಂದು ಪದ, ಆಮೇಲೆ ಫ್ಯಾನ್, ನೀರು, ಮತ್ತೆ ಒಂದು ಪದ.

ಕರಕರದ ಕಥೆಗೆ ಬರೋಣ. ಸಣ್ಣ ಲೋಟಕ್ಕೆ ದೊಡ್ಡ ಬಿಂದಿಗೆ ಬಗ್ಗಿಸಿದರೆ ನೀರು ಚೆಲ್ಲುತ್ತದೆ, ಅಲ್ವಾ? ಕಂಪ್ಯೂಟರಿನಲ್ಲಿ ಸದ್ದಿಗೆ ಒಂದು ಮೇಲಿನ ಅಂಚು ಇದೆ, ಅದನ್ನು 0 ಡೆಸಿಬಲ್ ಅನ್ನುತ್ತಾರೆ, ಅದರ ಕೆಳಗಿನದೆಲ್ಲ ಮೈನಸ್. ಅಲೆ ಅದನ್ನು ದಾಟಲು ಹೋದರೆ ತುದಿ ಕತ್ತರಿಸಿ ಹೋಗುತ್ತದೆ. ದುಂಡಗಿನ ಬೆಟ್ಟ ಇದ್ದದ್ದು ಚಪ್ಪಟೆ ದಿಬ್ಬವಾಗುತ್ತದೆ. ಕೇಳಲು ಕರಕರ. ಹೋದ ತುದಿ ಆಮೇಲೆ ಮರಳಿ ಬರುವುದಿಲ್ಲ. ಗುಂಯ್ ಅನ್ನು ತುಸುವಾದರೂ ತೆಗೆಯಬಹುದು, ಇದನ್ನು ಆಗುವುದಿಲ್ಲ. ಅದಕ್ಕೇ ನನಗೆ ಇದರ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ.

ಹಾಡುವವರಿಗೆ ಪದದ ಅತಿ ಏರುದನಿಯ ಸಾಲನ್ನೇ ಮೊದಲು ಹಾಡಲು ಹೇಳಿ. ಸುಮ್ನೆ ಮೆಲ್ಲಗೆ ಗುನುಗಿದರೆ ಲೆವೆಲ್ ತಪ್ಪುತ್ತದೆ. ಆ ಸಾಲಿನ ತುದಿ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6ರ ಒಳಗೆ ಇರಲಿ. ಕೆಂಪು ಹತ್ತಲೇಬಾರದು. ಮೆಲ್ಲಗಿನ ಸಾಲು ತೀರಾ ಸಣ್ಣದಾಗಿ ಕಾಣುತ್ತದಲ್ಲ ಅಂತ ಹೆದರಬೇಡಿ. 24 ಬಿಟ್‌ನಲ್ಲಿ (ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನುವುದರ ಲೆಕ್ಕವೇ ಬಿಟ್) ರೆಕಾರ್ಡ್ ಮಾಡಿದರೆ ಲೆಕ್ಕದ ಪ್ರಕಾರ 144 ಡೆಸಿಬಲ್‌ನಷ್ಟು ಜಾಗ ಇರುತ್ತದೆ, 16 ಬಿಟ್‌ನಲ್ಲಿ ಸುಮಾರು 96. ಸಣ್ಣದನ್ನು ಆಮೇಲೆ ದೊಡ್ಡದು ಮಾಡಬಹುದು.

ನನ್ನ ಮಿಕ್ಸರ್ ಯಾಕೆ ಕೆಡಿಸಿತು ಅಂತ ಈಗ ಹೇಳಬಹುದು. ಮೈಕಿನಿಂದ ಬರುವುದು ಒಂದು ವೋಲ್ಟಿನ ಸಾವಿರದ ಕೆಲವೇ ಪಾಲು. ಮಿಕ್ಸರಿನಿಂದ ಹೊರಬರುವುದು ಒಂದು ವೋಲ್ಟಿನ ಆಸುಪಾಸು. ನಾನು ಅದನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದ್ದೆ. ಸಾಲದ್ದಕ್ಕೆ ವಿಂಡೋಸ್‌ನಲ್ಲಿ ಮೈಕ್ರೋಫೋನ್ ಬೂಸ್ಟ್ 20 ಡೆಸಿಬಲ್ ಏರಿ ಕೂತಿತ್ತು. ಒಳಗೆ ಹೋಗುವಾಗಲೇ ತುದಿ ಕತ್ತರಿಸಿದೆ. ಸಾಫ್ಟ್‌ವೇರಿನ ಗುಬ್ಬಿ ಇಳಿಸಿದೆ, ಮೀಟರ್ ಹಸಿರಾಯಿತು, ಕರಕರ ಹಾಗೇ ಉಳಿಯಿತು. ಮೀಟರ್ ಹಸಿರಿದ್ದೂ ಕರಕರ ಕೇಳಿದರೆ ಅಲೆಯನ್ನು ದೊಡ್ಡದು ಮಾಡಿ ನೋಡಿ. ತಲೆ ಚಪ್ಪಟೆಯಾಗಿದ್ದರೆ ಚೆಲ್ಲಿದ್ದು ಹಾಡಿನ ದಾರಿಯಲ್ಲಿ ಸಾಫ್ಟ್‌ವೇರಿಗಿಂತ ಹಿಂದೆ. ಇಳಿಸಬೇಕಾದ ಗುಬ್ಬಿಯೂ ಅಲ್ಲೇ ಇದೆ.

ಸಂಗೀತ ರೆಕಾರ್ಡ್ ಮಾಡುವವರು ತಿಳಿದಿರಲೇಬೇಕಾದ ಇನ್ನೊಂದು ವಿಷಯ ಇದೆ. ಇವತ್ತಿನ ಲ್ಯಾಪ್‌ಟಾಪು, ಫೋನುಗಳ ಮೈಕ್ ಮಾತಿಗಾಗಿ ಹೊಂದಿಸಿದ್ದು. ಒಳಗೆ ಒಂದು ಸದ್ದು ತೆಗೆಯುವ ಕಾರ್ಯಕ್ರಮ ಓಡುತ್ತಿರುತ್ತದೆ. ಅದರ ಲೆಕ್ಕ ಸರಳ: ಏರಿಳಿಯುವುದು ಮಾತು, ಒಂದೇ ಸಮ ಇರುವುದು ಗದ್ದಲ. ಈಗ ತಂಬೂರಿಯನ್ನು ಯೋಚಿಸಿ. ಒಂದೇ ಸಮ ಇರುವುದೇ ಅದರ ಗುಣ. ಹಾರ್ಮೋನಿಯಂನಲ್ಲಿ ಹಿಡಿದ ಷಡ್ಜವೂ ಅಷ್ಟೇ, ಆಲಾಪದಲ್ಲಿ ಎಳೆದು ನಿಲ್ಲಿಸಿದ ದನಿಯೂ ಅಷ್ಟೇ. ಕಂಪ್ಯೂಟರ್ ಅದನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸುತ್ತದೆ. ಶ್ರುತಿ ಎರಡು ಸೆಕೆಂಡ್ ಕೇಳಿ ಮಾಯವಾಗುವುದು, ದನಿ ನಡುನಡುವೆ ನೀರಲ್ಲಿ ಮುಳುಗೇಳುವುದು ಇದರಿಂದಲೇ. ಆನ್‌ಲೈನ್ ಸಂಗೀತ ಪಾಠದಲ್ಲೂ ಹೀಗಾಗಿದ್ದು ನಿಮಗೆ ನೆನಪಿರಬಹುದು. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಮೈಕಿನ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿಯದೇ ಬೇರೆ ಆಡಿಯೋ ಪ್ರೋಗ್ರಾಂ ಇದ್ದರೆ ಅದರಲ್ಲೂ ನೋಡಿ. ದನಿ ತಾನಾಗಿ ದೊಡ್ಡ ಸಣ್ಣ ಆಗುತ್ತಿದ್ದರೂ ಕಾರಣ ಅಲ್ಲೇ ಸಿಗುತ್ತದೆ.

ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕಿನಲ್ಲಿ ಹಾಡು ಹಿಡಿಯಬೇಡಿ. ಮೈಕ್ ಶುರುವಾದ ಕೂಡಲೇ ಅದು ಸಾಮಾನ್ಯವಾಗಿ ಫೋನ್ ಕರೆಯ ರೀತಿಗೆ ಇಳಿಯುತ್ತದೆ. ಆಗ ಸದ್ದನ್ನು ಸೆಕೆಂಡಿಗೆ 8,000 ಅಥವಾ 16,000 ಸಲ ಮಾತ್ರ ಅಳೆಯುತ್ತದೆ. ಸಿಡಿಯಲ್ಲಿ ಅಳೆಯುವುದು 44,100 ಸಲ. ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದವರೆಗಿನ ಸ್ವರಗಳಷ್ಟೇ ಉಳಿಯುತ್ತವೆ. ತಬಲಾದ ‘ನಾ’ ಪೆಟ್ಟಿನ ಮೊನಚು, ತಾಳದ ಮಿಂಚು ಎಲ್ಲ ಹೋಗುತ್ತದೆ. ತಂತಿಯ ಹೆಡ್‌ಫೋನೇ ಸರಿ.

ಈ ಅಳೆಯುವ ಸಂಖ್ಯೆ ಎಲ್ಲ ಕಡೆ ಒಂದೇ ಇರಬೇಕು. ವಿಂಡೋಸ್‌ನಲ್ಲಿ 48,000, ಸಾಫ್ಟ್‌ವೇರಿನಲ್ಲಿ 44,100 ಇದ್ದು ನಡುವೆ ಲೆಕ್ಕ ತಪ್ಪಿದರೆ ಟಕ್ ಟಕ್ ಸದ್ದು ಬರಬಹುದು, ಹಾಡಿನ ಶ್ರುತಿಯೇ ಬದಲಾಗಬಹುದು. ಹಾರ್ಮೋನಿಯಂನಲ್ಲಿ ಸುಮಾರು ಒಂದೂವರೆ ಮನೆಯಷ್ಟು ವ್ಯತ್ಯಾಸ. ಎರಡೂ ಕಡೆ 48,000 ಇಡಿ, ಸಾಕು. ಹೊಂದಿಕೆ ಸರಿಯಿದ್ದೂ ಟಕ್ ಟಕ್ ಬಂದರೆ ಸಾಫ್ಟ್‌ವೇರಿನಲ್ಲಿ ಬಫರ್ (ಸದ್ದು ಕ್ಷಣಕಾಲ ಕಾಯುವ ಜಾಗ) ಹೆಚ್ಚಿಸಿ, ಬ್ರೌಸರ್ ಮುಚ್ಚಿ, ವೈಫೈ ಆರಿಸಿ. ಹಳೇ ಲ್ಯಾಪ್‌ಟಾಪಿಗೆ ಉಸಿರು ಬಿಡಲು ಸಮಯ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೂ ಸ್ವಲ್ಪ ಸುಯ್ ಅನ್ನುವುದು ಉಳಿಯುತ್ತದೆ. ಅದಕ್ಕೆ ಅಡಾಸಿಟಿ ಸಾಕು. 2000ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವ ಸಾಫ್ಟ್‌ವೇರ್ ಅದು. ಪ್ರತಿ ಪದದ ಮೊದಲು ಐದು ಸೆಕೆಂಡ್ ಎಲ್ಲರೂ ಸುಮ್ಮನೆ ಕೂತಿರಿ. ಆ ಖಾಲಿ ಭಾಗ ಆರಿಸಿ ನಾಯ್ಸ್ ರಿಡಕ್ಷನ್‌ಗೆ (ಗದ್ದಲ ಇಳಿಸುವ ಆಯ್ಕೆ) ಮಾದರಿಯಾಗಿ ಕೊಡಿ. ಆಮೇಲೆ ಪೂರ್ತಿ ಹಾಡಿಗೆ ಹಚ್ಚಿ, ಆದರೆ 6 ಡೆಸಿಬಲ್‌ನಷ್ಟೇ. ಆಸೆಗೆ ಬಿದ್ದು 24 ಇಟ್ಟರೆ ದನಿಯ ಬಾಲಗಳೂ ತಂಬೂರಿಯ ಎಳೆಗಳೂ ಅದರ ಜೊತೆ ಹೋಗುತ್ತವೆ, ಉಳಿದದ್ದು ಹಕ್ಕಿ ಚಿಲಿಪಿಲಿಯಂತೆ ಕೇಳುತ್ತದೆ. ಗಂಡಸರ ದನಿ ಒಂದೇ ಇದ್ದರೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಬಹುದು, ನೆಲದ ದಡದಡ ಹೋಗುತ್ತದೆ. ತಬಲಾ ಇದ್ದರೆ ಬೇಡ. ಎಡಗೈಯ ದೊಡ್ಡ ತಬಲಾ ಡಗ್ಗಾದ ಗುಮುಕಿ ಇರುವುದು ಅಲ್ಲಿಯೇ.

ಉಳಿಸುವಾಗ ವೇವ್ ಫೈಲಾಗಿ ಉಳಿಸಿ. 48,000, 24 ಬಿಟ್, ಒಂದೇ ಮೈಕಾದರೆ ನಿಮಿಷಕ್ಕೆ ಒಂಬತ್ತು ಎಂಬಿಗಿಂತ ಕಡಿಮೆ. ಎಂಪಿ3 ಮಾಡುವುದಿದ್ದರೆ ಅದು ಹಂಚಲಿಕ್ಕೆ, ಇಟ್ಟುಕೊಳ್ಳಲಿಕ್ಕಲ್ಲ. ವಾಟ್ಸ್‌ಆಪ್‌ನಲ್ಲಿ ನೆಂಟರಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ.

ಈ ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ನಲವತ್ತೆರಡು ಪದ ಆಗಿವೆ. ಒಂದರಲ್ಲಿ ದೂರದಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳುತ್ತದೆ. ತೆಗೆಯಲೇ ಅಂತ ಅಪ್ಪನನ್ನು ಕೇಳಿದೆ. ಇರಲಿ ಬಿಡು ಅಂದರು.